ತೊಟ್ಟಿಯ ಬಿರಡೆ

ಬಾಗಲಕೋಟೆ ಜಿಲ್ಲೆಯ ಬಾದಾಮಿಯ ಸಮೀಪದಲ್ಲಿ, ಬೆಟ್ಟಗಳ ನಡುವೆ ಮಹಾಕೂಟವೆಂಬ ಕ್ಷೇತ್ರವಿದೆ. ಬಾದಾಮಿ ಚಾಲುಕ್ಯರ ಕಾಲದ ದೇವಾಲಯಗಳ ಮಧ್ಯೆ ಅಲ್ಲಿ ವಿಷ್ಣು ಪುಷ್ಕರಿಣಿ ಎಂಬ ಕೊಳವುಂಟು. ನೆಲದೊಳಗಿನ ಬುಗ್ಗೆಯೇ ಅದರ ನೀರಿನ ಮೂಲ. ಹೊಸ ನೀರು ಬರುತ್ತಿದ್ದು, ಹೆಚ್ಚಾದ ನೀರು ಹೊರಗೆ ಹರಿದುಹೋಗುವ ಇಂತಹ ಕೊಳವು ನಿಂತ ನೀರಿನಂತೆ ಬೇಗನೆ ಕೆಡುವುದಿಲ್ಲ. ನೀರು ಬರುವ ದಾರಿಯಷ್ಟೇ ಹೋಗುವ ದಾರಿಯೂ ಮುಖ್ಯ.

ಮನೆಯ ಬಚ್ಚಲಿನ ತೊಟ್ಟಿಗೆ ಬುಗ್ಗೆಯಿಲ್ಲ. ಅದನ್ನು ತುಂಬುವವರೂ ಬರಿದುಮಾಡುವವರೂ ಮನೆಯವರೇ. ತಳದ ರಂಧ್ರಕ್ಕೆ ಹಾಕಿದ ಬಿರಡೆಯೇ ಅದರ ಹೊರದಾರಿಯ ಬಾಗಿಲು. ಅದು ಸಿಕ್ಕಿಕೊಂಡರೆ ನೀರು ನಿಂತಲ್ಲಿಯೇ ನಿಲ್ಲುತ್ತದೆ. ಡೆಂಗೀ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಯು ಇಂತಹ ನೀರಿನಲ್ಲಿ ಬೆಳೆಯುತ್ತದೆ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆಯು ಸೊಳ್ಳೆಯಾಗಲು ಸುಮಾರು 7ರಿಂದ 10 ದಿನಗಳು ಸಾಕು. ಮೊಟ್ಟೆಗಳು ತೊಟ್ಟಿಯ ಗೋಡೆಗೆ ಅಂಟಿಕೊಂಡಿರುತ್ತವೆ. ಆದುದರಿಂದ ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದುಮಾಡಿ, ಗೋಡೆಗಳನ್ನು ಉಜ್ಜಿ ತೊಳೆಯಬೇಕು. ಸಿಕ್ಕಿಕೊಂಡ ಬಿರಡೆಯನ್ನು ಅಲ್ಪ ವಿಷಯವೆಂದು ಬಿಡುವಂತಿಲ್ಲ.

ಬಿರಡೆಯು ಏಕೆ ಸಿಕ್ಕಿಕೊಳ್ಳುತ್ತದೆ? ಇದಕ್ಕೆ ಎರಡು ಮುಖ್ಯ ಕಾರಣಗಳಿವೆ. ಮೊದಲನೆಯದು ನೀರಿನ ಒತ್ತಡ. ರಂಧ್ರದ ವ್ಯಾಸವು 4 ಸೆಂಟಿಮೀಟರ್, ನೀರಿನ ಆಳವು 40 ಸೆಂಟಿಮೀಟರ್ ಇದೆಯೆಂದು ಭಾವಿಸೋಣ. ಆಗ ಬಿರಡೆಯ ಮೇಲೆ ಸುಮಾರು 500 ಗ್ರಾಂ ತೂಕದಷ್ಟು ಬಲವು ಬೀಳುತ್ತದೆ. ಆಳವು ಇಮ್ಮಡಿಯಾದರೆ ಬಲವೂ ಇಮ್ಮಡಿಯಾಗುತ್ತದೆ. ಎರಡನೆಯದು ಅಂಟು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಲವಣಗಳು ಸಾಬೂನಿನೊಡನೆ ಕೂಡಿದಾಗ ನೀರಿನಲ್ಲಿ ಕರಗದ ಬಿಳಿಯ ಗಸಿಯುಂಟಾಗುತ್ತದೆ. ಈ ಗಸಿಯೂ ಉದುರಿದ ಕೂದಲೂ ಸೇರಿ ಬಿರಡೆಯ ಅಂಚನ್ನು ಹಿಡಿದುಕೊಳ್ಳುತ್ತವೆ.

ನಮ್ಮ ನಾಡಿನಲ್ಲಿ ಹಿಂದಿನ ಕಾಲದಲ್ಲಿ ಕೆರೆಗಳನ್ನು ಕಟ್ಟಿದವರೂ ಈ ಒತ್ತಡವನ್ನು ಎದುರಿಸಬೇಕಾಯಿತು. ತೂಬಿನ ರಂಧ್ರದ ವ್ಯಾಸವು 20 ಸೆಂಟಿಮೀಟರ್, ನೀರಿನ ಆಳವು 3 ಮೀಟರ್ ಇದ್ದರೆ ಬಿರಡೆಯ ಮೇಲೆ ಸುಮಾರು 94 ಕಿಲೋಗ್ರಾಂ ತೂಕದಷ್ಟು ಬಲವು ಬೀಳುತ್ತದೆ. ಬಿರಡೆಯು ಎದ್ದೊಡನೆ ನೀರು ರಭಸದಿಂದ ನುಗ್ಗುವುದರಿಂದ ಹತ್ತಿರವಿದ್ದವರ ಕೈಕಾಲುಗಳನ್ನು ಸೆಳೆದುಕೊಳ್ಳಬಹುದು. ಆದುದರಿಂದ ಬಿರಡೆಗೆ ಉದ್ದವಾದ ಕೋಲನ್ನು ಜೋಡಿಸಿ, ಅದನ್ನು ತೂಬಿನ ಕಲ್ಲುಕಂಬಗಳ ನಡುವೆ ನಿಲ್ಲಿಸಿ, ಮೇಲಿನಿಂದಲೇ ಎತ್ತುವ ಏರ್ಪಾಡು ಬಂದಿತು. ಅವರು ತೋಳ್ಬಲಕ್ಕಿಂತ ಉಪಾಯವನ್ನು ನಂಬಿದರು.

ಮನೆಯಲ್ಲಿಯೂ ಉಪಾಯವೇ ಮೇಲು. ಮೊದಲು ತಂಬಿಗೆಯಿಂದ ನೀರನ್ನು ಮೊಗೆದು ಹೊರಹಾಕಬೇಕು. ನೀರು ಇಳಿದಂತೆ ಬಿರಡೆಯ ಮೇಲಿನ ಬಲವೂ ಇಳಿಯುತ್ತದೆ. ಬಳಿಕ ಅಂಚಿನ ಸುತ್ತ ನಿಂಬೆಯ ರಸವನ್ನು ಹಾಕಿ ಅರ್ಧ ಗಂಟೆ ಬಿಟ್ಟರೆ ಗಸಿಯು ಸಡಿಲವಾಗುತ್ತದೆ. ಅನಂತರ ಉಗುರು ಬೆಚ್ಚಗಿನ ನೀರನ್ನು ಸುರಿದು, ಬಿರಡೆಯನ್ನು ಎಡಕ್ಕೂ ಬಲಕ್ಕೂ ಮೆಲ್ಲನೆ ತಿರುಗಿಸಿ, ನೇರವಾಗಿ ಮೇಲೆತ್ತಬೇಕು. ಸರಪಳಿಯನ್ನು ಜಗ್ಗಿದರೆ ಅದು ಹರಿಯಬಹುದು. ಚಾಕುವಿನಿಂದ ಮೀಟಿದರೆ ರಂಧ್ರದ ಅಂಚು ಒಡೆದು ಮುಂದೆ ನೀರು ಸೋರಬಹುದು. ಹುಳಿ ಹಾಕಿದ ಜಾಗಕ್ಕೆ ಬ್ಲೀಚಿಂಗ್ ಪುಡಿಯನ್ನು ಎಂದಿಗೂ ಸೇರಿಸಬಾರದು. ಅವೆರಡೂ ಕೂಡಿದರೆ ವಿಷಕಾರಿಯಾದ ಕ್ಲೋರಿನ್ ಅನಿಲವು ಹೊರಡುತ್ತದೆ.

ತೆಗೆದ ಬಿರಡೆಯನ್ನೂ ರಂಧ್ರವನ್ನೂ ಉಜ್ಜಿ ತೊಳೆದು, ಕೂದಲನ್ನು ತೆಗೆದುಹಾಕಬೇಕು. ರಬ್ಬರು ಗಡುಸಾಗಿ ಬಿರುಕು ಬಿಟ್ಟಿದ್ದರೆ ಹೊಸ ಬಿರಡೆಯನ್ನು ತರುವುದೇ ಲೇಸು. ತೊಟ್ಟಿಯು ಬರಿದಾಗಿರುವಾಗ ಬಿರಡೆಯನ್ನು ರಂಧ್ರದಲ್ಲಿ ಒತ್ತಿಡದೆ ಹೊರಗೆ ಒಣಗಲು ಬಿಟ್ಟರೆ ಅದು ಮತ್ತೆ ಅಂಟಿಕೊಳ್ಳುವ ಸಂಭವವು ಕಡಿಮೆ. ನೀರನ್ನು ಕೂಡಿಡುವುದು ಎಷ್ಟು ಅಗತ್ಯವೋ, ಸಕಾಲದಲ್ಲಿ ಅದಕ್ಕೆ ಹೊರದಾರಿಯನ್ನು ಬಿಟ್ಟುಕೊಡುವುದೂ ಅಷ್ಟೇ ಅಗತ್ಯ. ವಾರಕ್ಕೊಮ್ಮೆ ಈ ಕೆಲಸವನ್ನು ಮಾಡುವ ಮನೆಯು ತನ್ನ ಆರೋಗ್ಯವನ್ನಷ್ಟೇ ಅಲ್ಲದೆ ನೆರೆಹೊರೆಯವರ ಆರೋಗ್ಯವನ್ನೂ ಕಾಯುತ್ತದೆ.