ಅಡುಗೆಮನೆಯ ತನಕ ಬಂದ ಕಾದಂಬರಿಗಳು

ಕಾದಂಬರಿ ಓದುವ ಸೊಸೆ ಎಂದರೆ ಇಂದಿಗೂ ಎಷ್ಟೋ ಮನೆಗಳಲ್ಲಿ ಹಿರಿಯರಿಗೆ ಅಸಮಾಧಾನ. ಒಲೆಯ ಮೇಲೆ ಅನ್ನ ಸೀಯುತ್ತದೆ, ಮಗು ಅಳುತ್ತದೆ, ಇವಳು ಮಾತ್ರ ಪುಸ್ತಕದಿಂದ ತಲೆಯೆತ್ತುವುದಿಲ್ಲ ಎಂಬುದು ಹಳೆಯ ದೂರು. ದಿನಕ್ಕೆ ಮೂರು ಗಂಟೆ ಟಿ.ವಿ. ಧಾರಾವಾಹಿ ನೋಡುವವರೂ ಈ ದೂರು ಹೇಳಲು ಹಿಂಜರಿಯುವುದಿಲ್ಲ! ಕಾದಂಬರಿ ಓದಿ ಕೆಟ್ಟ ಹುಡುಗಿಯರ ಕಥೆಗಳನ್ನು ನೀವೂ ಕೇಳಿರುತ್ತೀರಿ. ಓದಿ ಕಣ್ಣು ತೆರೆದವರ ಕಥೆಯನ್ನು ಯಾರೂ ಹೇಳುವುದಿಲ್ಲ.

ಹಾಗೆಂದು ಅಚ್ಚಾದುದೆಲ್ಲ ಓದಲು ಯೋಗ್ಯ ಎಂದು ನಾನು ವಾದಿಸಲಾರೆ. ವಾರಪತ್ರಿಕೆಗಳಲ್ಲಿ ಬಂದು ಪುಸ್ತಕವಾದ ಅನೇಕ ಕಾದಂಬರಿಗಳಲ್ಲಿ ನಾಯಕನಿಗೆ ಕಾರು, ನಾಯಕಿಗೆ ಕಣ್ಣೀರು. ನೂರೈವತ್ತು ಪುಟಗಳಲ್ಲಿ ಆಕೆ ಒಮ್ಮೆಯಾದರೂ ರೊಟ್ಟಿ ಬಡಿದದ್ದಿಲ್ಲ, ಕರೆಂಟ್ ಬಿಲ್ ಕಟ್ಟಿದ್ದಿಲ್ಲ. ಇಂಥವನ್ನು ಎರಡು ತಾಸಿನಲ್ಲಿ ಓದಿ, ನಾಲ್ಕು ತಾಸಿನಲ್ಲಿ ಮರೆಯಬಹುದು. ಆದರೆ ಕಳೆದ ಕೆಲವು ತಿಂಗಳುಗಳಲ್ಲಿ ಓದಿದ ಕೆಲವು ಜನಪ್ರಿಯ ಕಾದಂಬರಿಗಳು ಹಾಗೆ ಮರೆಯಲು ಬಿಡಲಿಲ್ಲ. ಅವು ಹೊಸವಲ್ಲ. ನಮ್ಮ ತಾಯಂದಿರ ಕಾಲದವು. ಬರೆದವರು ಹೊಸ್ತಿಲಲ್ಲಿ ನಿಂತು ಇಣುಕಿದವರಲ್ಲ, ಒಳಗೆ ಅಡುಗೆಮನೆಯ ತನಕ ಬಂದವರು. ಅದಕ್ಕೇ ಅವುಗಳ ಬಗ್ಗೆ ನಿಮ್ಮೊಂದಿಗೆ ಮಾತನಾಡಬೇಕೆನಿಸಿತು.

ನಮ್ಮ ಊರಿನಿಂದಲೇ ಆರಂಭಿಸುತ್ತೇನೆ. ಜಮಖಂಡಿಯ ನೆರೆಯ ಬೀಳಗಿಯಲ್ಲಿ 1911ರಲ್ಲಿ ಹುಟ್ಟಿದ ಕೃಷ್ಣಮೂರ್ತಿ ಪುರಾಣಿಕರು ಒಂದು ಕಾಲದಲ್ಲಿ ಕನ್ನಡದ ಹೆಣ್ಣುಮಕ್ಕಳು ಅತಿ ಹೆಚ್ಚು ಓದಿದ ಲೇಖಕರಲ್ಲೊಬ್ಬರು. ಅವರ 'ಧರ್ಮದೇವತೆ' 1962ರಲ್ಲಿ 'ಕರುಣೆಯೇ ಕುಟುಂಬದ ಕಣ್ಣು' ಎಂಬ ಚಿತ್ರವಾಯಿತು. ಮರುವರ್ಷ 'ಕುಲವಧು' ತೆರೆಗೆ ಬಂತು. ಅತ್ತೆ, ಸೊಸೆ, ನಾದಿನಿ, ಪಾಲು, ಮುನಿಸು, ರಾಜಿ ಇವೇ ಅವರ ಕಾದಂಬರಿಗಳ ಬಂಡವಾಳ. ಹೆಸರು ಬದಲಿಸಿದರೆ ನಮ್ಮ ಓಣಿಯ ಯಾವ ಮನೆಗಾದರೂ ಹೊಂದುತ್ತವೆ. ಆದರೆ ತಾಳ್ಮೆಯ ಪಾಠವನ್ನೆಲ್ಲ ಸೊಸೆಗೇ ಹೇಳುವುದು ನನಗೆ ಒಪ್ಪಿಗೆಯಾಗಲಿಲ್ಲ. ಒಂದು ಅಧ್ಯಾಯವನ್ನಾದರೂ ಗಂಡನಿಗೆ ಮೀಸಲಿಡಬಾರದಿತ್ತೇ?

ಪುರಾಣಿಕರ ಬರಹಗಳಲ್ಲಿ ನನ್ನ ಮನಸ್ಸಿಗೆ ಹತ್ತಿರವಾದದ್ದು ಸನಾದಿ ಅಪ್ಪಣ್ಣನ ಕಥೆ. ಶಹನಾಯಿಗೆ ನಮ್ಮ ಕಡೆ ಸನಾದಿ ಎನ್ನುತ್ತೇವೆ. ಅಪ್ಪಣ್ಣ ಬೀಳಗಿಯಲ್ಲಿ ನಿಜವಾಗಿಯೂ ಬಾಳಿದ ಕಲಾವಿದ. 1977ರಲ್ಲಿ ಆ ಕಥೆ ಸಿನಿಮಾ ಆದಾಗ ಪರದೆಯ ಮೇಲೆ ಡಾ. ರಾಜಕುಮಾರ್ ಸನಾದಿ ಹಿಡಿದರು, ಅದಕ್ಕೆ ಉಸಿರು ಕೊಟ್ಟವರು ಬನಾರಸದ ಉಸ್ತಾದ್ ಬಿಸ್ಮಿಲ್ಲಾ ಖಾನ್. ಬೀಳಗಿಯ ಬಡ ವಾದ್ಯಗಾರನ ನೋವನ್ನು ನಾಡಿಗೆ ಕೇಳಿಸಿದ್ದು ಒಬ್ಬ ಮುಸ್ಲಿಮನ ಉಸಿರು. ಇದನ್ನು ನಮ್ಮ ಮಕ್ಕಳಿಗೆ ಹೇಳಿದ್ದೇವೆಯೇ?

ಯಾಕೆ ಕೇಳುತ್ತೇನೆಂದರೆ, ಜನಪ್ರಿಯ ಕಥೆ, ನಾಟಕ, ಸಿನಿಮಾಗಳಲ್ಲಿ ಬಹುಕಾಲ ಮುಸ್ಲಿಮ್ ಎಂದರೆ ಒಬ್ಬ ಟಾಂಗಾ ಸಾಬ. ಒಳ್ಳೆಯವನೇ, ನಾಯಕಿಯನ್ನು ತಂಗಿ ಎನ್ನುವವನೇ. ಆದರೆ ಬಾಯಿ ತೆರೆದರೆ 'ನಮ್ದುಕೆ, ನಿಮ್ದುಕೆ'. ಜಮಖಂಡಿ, ಮುಧೋಳದ ಸಂತೆಯಲ್ಲಿ ನಮ್ಮವರ ಕನ್ನಡ ಕೇಳಿದ್ದೀರಲ್ಲ? 'ಯಾವಾಗ ಬಂದ್ರಿ, ಉಂಡ ಹೋಗ್ರಿ' ಎನ್ನುವಾಗ ಮಾತಾಡಿದವರ ಜಾತಿ ಯಾರಿಗೆ ತಿಳಿಯುತ್ತದೆ? ಮನೆಯಲ್ಲಿ ದಖನಿ, ಹೊರಗೆ ಅಪ್ಪಟ ಬಯಲುಸೀಮೆಯ ಕನ್ನಡ. ಆ ಸಾಬನಿಗೆ ಒಬ್ಬ ಹೆಂಡತಿ ಇರಬಹುದು, ಆಕೆಗೂ ಒಂದು ಮನಸ್ಸಿರಬಹುದು ಎಂಬುದಂತೂ ಆ ಕಥೆಗಾರರಿಗೆ ಹೊಳೆಯಲೇ ಇಲ್ಲ.

ಆ ಹೆಂಡತಿಯ ಕಥೆಯನ್ನು ನಮ್ಮವರೇ ಆದ ಸಾರಾ ಅಬೂಬಕ್ಕರ್ ಬರೆದರು. 'ಚಂದ್ರಗಿರಿಯ ತೀರದಲ್ಲಿ' 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅವರಿಗೆ ಆಗ ನಲವತ್ತೈದು ವರ್ಷ. (ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರ' 1963ರಲ್ಲಿ ಹೊರಬಂದಾಗ ಅವರಿಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಮಕ್ಕಳು ದೊಡ್ಡವರಾದರು, ಇನ್ನೇನು ಎನ್ನುವ ಸಹೋದರಿಯರು ಗಮನಿಸಬೇಕು.) ಸಾರಾ 2023ರ ಜನವರಿಯಲ್ಲಿ ನಮ್ಮನ್ನಗಲಿದರು.

ಕಥೆ ನಿಮ್ಮಲ್ಲಿ ಅನೇಕರಿಗೆ ಗೊತ್ತಿರಬಹುದು. ನಾದಿರಾ ಮತ್ತು ರಶೀದ್ ಅನ್ಯೋನ್ಯವಾಗಿರುವ ದಂಪತಿ. ತಂದೆ ಮಹಮ್ಮದ್ ಖಾನ್ ತನ್ನ ಹಠಕ್ಕಾಗಿ ಮಗಳನ್ನು ಗಂಡನಿಂದ ಬೇರ್ಪಡಿಸಿ ತಲಾಕ್ ಮಾಡಿಸುತ್ತಾನೆ. ತಪ್ಪಿನ ಅರಿವಾಗಿ ಇಬ್ಬರನ್ನೂ ಮತ್ತೆ ಸೇರಿಸಲು ಹೊರಟಾಗ, ಆಕೆ ಇನ್ನೊಬ್ಬನನ್ನು ಮದುವೆಯಾಗಿ ಒಂದು ರಾತ್ರಿ ಕಳೆದು ಬರಬೇಕು ಎನ್ನುತ್ತಾರೆ. ನಾದಿರಾ ಮಸೀದಿಯ ಕೊಳದಲ್ಲಿ ಪ್ರಾಣ ಬಿಡುತ್ತಾಳೆ. ಗಂಡನ ಎದುರು ಜೀವಮಾನವಿಡೀ ಬಾಯಿಬಿಡದ ತಾಯಿ ಫಾತಿಮ್ಮಳ ಚಿತ್ರ ನನ್ನನ್ನು ನಾದಿರಾಳಿಗಿಂತ ಹೆಚ್ಚು ಕಾಡಿತು. ಅಂಥ ತಾಯಂದಿರು ಕೃಷ್ಣಾ ತೀರದಲ್ಲೂ ಇದ್ದಾರೆ.

ಈ ಪುಸ್ತಕ ಬಂದಾಗ ಅನೇಕರು ಸಿಟ್ಟಾದರು. ಸಮುದಾಯದ ಮರ್ಯಾದೆ ಬೀದಿಗೆ ಬಂತು ಎಂದರು. ನನ್ನ ಅಭಿಪ್ರಾಯ ಬೇರೆ. ಸಿಟ್ಟು ಬರಬೇಕಾದದ್ದು ಮಹಮ್ಮದ್ ಖಾನನ ಮೇಲೆ, ಅವನಿಗೆ ತಲೆಯಾಡಿಸಿದ ಊರ ಹಿರಿಯರ ಮೇಲೆ. ಒಂದು ರಾತ್ರಿಯ ಮಟ್ಟಿಗೆಂದು ಮೊದಲೇ ಮಾತಾಡಿಕೊಂಡು ಮಾಡುವ ನಿಕಾಹ್‌ನಲ್ಲಿ, ಮಾಡುವವನನ್ನೂ ಮಾಡಿಸಿಕೊಳ್ಳುವವನನ್ನೂ ಪ್ರವಾದಿವರ್ಯರು(ಸ) ಶಪಿಸಿದ್ದಾರೆ. ಕುರ್‌ಆನ್ ಎರಡು ಬಾರಿಯ ತಲಾಕ್ ತನಕ ಮರಳುವ ದಾರಿಯನ್ನು ತೆರೆದಿಟ್ಟಿದೆ. ಇದ್ದತ್‌ನೊಳಗೆ ಗಂಡ ಹೆಂಡತಿಯನ್ನು ಮರಳಿ ಸ್ವೀಕರಿಸಬಹುದು, ಇದ್ದತ್ ಮುಗಿದರೆ ಹೊಸ ಮಹರ್‌ನೊಂದಿಗೆ ಹೊಸ ನಿಕಾಹ್ ಆಗಬಹುದು. ಒಂದೇ ಉಸಿರಿಗೆ ಮೂರು ಹೇಳಿದರೆ ಅದು ಎಷ್ಟಾಗುತ್ತದೆ ಎಂಬಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಅಸಿಂಧು ಎಂದಿತು, 2019ರ ಕಾನೂನು ಅದನ್ನು ಮೂರು ವರ್ಷದವರೆಗೆ ಜೈಲು ವಿಧಿಸಬಹುದಾದ ಅಪರಾಧವಾಗಿಸಿತು. ಇಷ್ಟೆಲ್ಲ ಆದರೂ ಮದುವೆಯ ಮಾತುಕತೆಯಲ್ಲಿ ಬಿರಿಯಾನಿಗೆ ಎಷ್ಟು ಕಿಲೋ ಎಂದು ಕೇಳುವ ನಾವು, ಮಗಳಿಗೆ ಈ ವಿಷಯ ಗೊತ್ತಿದೆಯೇ ಎಂದು ಕೇಳುವುದಿಲ್ಲ. ನಾದಿರಾಳಿಗೂ ಯಾರೂ ಹೇಳಿರಲಿಲ್ಲ. ಕಾದಂಬರಿಯ ಕೊನೆ ಮಾತ್ರ ನನಗೆ ಹಿಡಿಸಲಿಲ್ಲ. ಆಕೆ ಬದುಕಬೇಕಿತ್ತು, ಅಪ್ಪನ ಮುಖ ನೋಡಿ 'ಆಗುವುದಿಲ್ಲ' ಎನ್ನಬೇಕಿತ್ತು. ಆದರೆ ಹಾಗೆ ಹೇಳುವ ನಾದಿರಾಳನ್ನು ಅಂದಿನ ಊರು ಬದುಕಲು ಬಿಡುತ್ತಿತ್ತೇ ಎಂದು ಲೇಖಕಿ ಕೇಳಿದ್ದರೆ ನನ್ನ ಬಳಿ ಉತ್ತರವಿಲ್ಲ.

ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' 1976ರದು. ಬಾಲ್ಯದಲ್ಲೇ ವಿಧವೆಯಾಗಿ, ತಲೆ ಬೋಳಿಸಿಕೊಂಡು, ನೂರು ದಾಟಿ ಬದುಕಿದ ಬ್ರಾಹ್ಮಣ ಮಹಿಳೆಯ ಕಥೆ. ಆಕೆ ಲೇಖಕಿಯ ಬಂಧುವೇ. ಓದುವಾಗ, ನಮ್ಮಲ್ಲಿ ಇದಿಲ್ಲವಲ್ಲ, ಹಝ್ರತ್ ಖದೀಜ(ರ) ವಿಧವೆಯಾಗಿದ್ದವರಲ್ಲವೇ ಎಂಬ ಹೆಮ್ಮೆ ಮೂಡುತ್ತದೆ. ಪುಸ್ತಕ ಮುಚ್ಚಿ ನಿಮ್ಮ ಓಣಿಯನ್ನೊಮ್ಮೆ ನೆನೆಯಿರಿ. ಎರಡು ಮಕ್ಕಳ ಮೂವತ್ತು ವರ್ಷದ ವಿಧವೆಗೆ ಸಂಬಂಧ ಹುಡುಕಿದವರು ಎಷ್ಟು ಮಂದಿ? ಹೆಂಡತಿ ತೀರಿದವನಿಗೆ ನಲವತ್ತರ ಫಾತಿಹಾ ಮುಗಿಯುವ ಮುನ್ನವೇ ಹೆಣ್ಣು ನೋಡುತ್ತೇವೆ.

ಇನ್ನು ತ್ರಿವೇಣಿಯವರ 'ಶರಪಂಜರ'. ಕಲ್ಪನಾ ನಟಿಸಿದ ಸಿನಿಮಾ ನೋಡಿದವರು ಪುಸ್ತಕ ಬೇಡ ಎನ್ನಬಾರದು. ಬಾಣಂತಿ ಕಾವೇರಿಗೆ ಮನಸ್ಸಿನ ಕಾಯಿಲೆ ಬರುತ್ತದೆ, ಆಸ್ಪತ್ರೆಯಲ್ಲಿ ಗುಣವಾಗುತ್ತದೆ. ಗುಣವಾಗದಿರುವುದು ಮನೆಯವರ ಅನುಮಾನ. ಆಕೆ ನಕ್ಕರೂ ಕಷ್ಟ, ಸುಮ್ಮನಿದ್ದರೂ ಕಷ್ಟ. ತ್ರಿವೇಣಿಯವರು ಸ್ವತಃ 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು ಎಂಬುದನ್ನು ತಿಳಿದು ಓದಿದರೆ ಎದೆ ಭಾರವಾಗುತ್ತದೆ.

ನಾನು ಎಲ್ಲರಿಗೂ ಮೊದಲು ಕೊಡುವ ಪುಸ್ತಕ ಇದು. ಏಕೆಂದರೆ ಬಾಣಂತಿ ನಿದ್ದೆ ಬಿಟ್ಟು, ಮಗುವನ್ನು ಮುಟ್ಟದೆ, ಗೋಡೆ ನೋಡುತ್ತ ಕೂತರೆ ನಮ್ಮಲ್ಲಿ ಇಂದಿಗೂ 'ಅಸರ್ ಆಗಿದೆ' ಎನ್ನುತ್ತೇವೆ. ತಾಯಿತ ಬರುತ್ತದೆ, ನಿಂಬೆಹಣ್ಣು ಬರುತ್ತದೆ, ಡಾಕ್ಟರು ಕೊನೆಗೆ. ದುಆ ಮಾಡಬೇಡಿ ಎಂದು ಯಾರೂ ಹೇಳುವುದಿಲ್ಲ. ದುಆ ಮಾಡುತ್ತಲೇ ಧಾರವಾಡದ ಬಸ್ಸು ಹತ್ತಬಹುದು, ಅಲ್ಲಿ ಸರ್ಕಾರದ ಡಿಮ್ಹಾನ್ಸ್ ಆಸ್ಪತ್ರೆಯಿದೆ. ಬಸ್ಸಿಗೂ ಮೊದಲು 14416ಕ್ಕೆ ಫೋನ್ ಮಾಡಬಹುದು. ಅದು 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಕಾಸು ಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

2025ರಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಅನುವಾದದ ಮೂಲಕ, ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಮೊಬೈಲಿನಲ್ಲಿ ಫೋಟೋ ಹಂಚಿದೆವು. ಹಂಚಿದವರಲ್ಲಿ ಓದಿದವರೆಷ್ಟು ಎಂದು ಕೇಳಿ ಯಾರಿಗೂ ಮುಜುಗರ ಮಾಡಲಾರೆ. ಅವರ ಕಾದಂಬರಿ 'ಕುಬ್ರ' ಈಗ ನನ್ನ ದಿಂಬಿನ ಬಳಿಯಿದೆ. ಆದರೆ ಸಾರಾ ಅವರದು ಕರಾವಳಿ, ಬಾನು ಅವರದು ಹಾಸನ. ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಸದ್ದಿನ ನಡುವೆ ಕಂಡಿಕೆ ಸುತ್ತುತ್ತ ಮಗಳ ಕಾಲೇಜಿನ ಫೀಸು ಲೆಕ್ಕ ಹಾಕುವ ಅಮ್ಮಿ, ನಾನು ಓದಿದ ಯಾವ ಕಾದಂಬರಿಯಲ್ಲೂ ಬಂದಿಲ್ಲ. ಆ ಮನೆಯ ಸೊಸೆಯೋ ಮಗಳೋ ಒಂದು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದ್ದರೆ, ಅನ್ನ ಸೀದರೂ ಚಿಂತೆಯಿಲ್ಲ, ಮೊದಲು ಓದಲು ನನಗೆ ಕೊಡಲಿ.