ಸಿಎ ಫೌಂಡೇಶನ್: ಪುಸ್ತಕಕ್ಕೆ ದುಡ್ಡು ಕೊಡುವ ಮುನ್ನ

ಹನ್ನೆರಡನೇ ತರಗತಿಯ ಫಲಿತಾಂಶ ಬಂದಿದೆ. ‘ಸಿಎ ಓದುತ್ತೇನೆ’ ಎಂದು ಮಗಳು ಹೇಳಿದ್ದಾಳೆ. ಹತ್ತನೆಯವರೆಗೆ ಕನ್ನಡದಲ್ಲೇ ಕಲಿತ ಮಗು. ಕಾಸರಗೋಡಿನವರು ಮಂಗಳೂರಿಗೆ, ಹೊಸೂರಿನವರು ಬೆಂಗಳೂರಿಗೆ, ಜತ್ತಿನವರು ಸಾಂಗಲಿಗೆ ಹೋಗಿ ವಿಚಾರಿಸಿದರೆ ಅಂಗಡಿಯವರು ಪುಸ್ತಕಗಳ ರಾಶಿಯನ್ನೇ ಮುಂದಿಡುತ್ತಾರೆ. ಯಾವುದನ್ನು ಕೊಳ್ಳಬೇಕು? ದುಡ್ಡು ಬಿಚ್ಚುವ ಮುನ್ನ ಈ ನಾಲ್ಕು ಮಾತು ಗಮನಿಸಿ.

ಮೊದಲು ಸಂಸ್ಥೆಯ ಪುಸ್ತಕ

ಪರೀಕ್ಷೆ ನಡೆಸುವುದು ಭಾರತೀಯ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆ, ಅಂದರೆ ಐಸಿಎಐ. ಪಠ್ಯಪುಸ್ತಕವನ್ನೂ ಅದೇ ಸಿದ್ಧಪಡಿಸುತ್ತದೆ. ಅದರ ಜಾಲತಾಣದಲ್ಲಿ ಇಡೀ ಪಠ್ಯ ಉಚಿತವಾಗಿ ಸಿಗುತ್ತದೆ. ಮಾದರಿ ಪ್ರಶ್ನೆಪತ್ರಿಕೆ, ಪ್ರತಿ ಪರೀಕ್ಷೆಗೂ ಮುನ್ನ ಬರುವ ಪುನರಾವರ್ತನೆ ಪ್ರಶ್ನೆಗಳು, ಹಿಂದಿನ ಪ್ರಶ್ನೆಪತ್ರಿಕೆಗಳ ಉತ್ತರಗಳೂ ಅಲ್ಲೇ ಇವೆ. ಮೊದಲು ಇವುಗಳನ್ನು ಓದಲಿ. ಅರ್ಥವಾಗದ ವಿಷಯಕ್ಕೆ ಮಾತ್ರ ಬೇರೆಯವರ ಪುಸ್ತಕ ಸಾಕು, ಅದೂ ವಿಷಯಕ್ಕೆ ಒಂದೇ. ಮೂರು ಪುಸ್ತಕ ಅರ್ಧಂಬರ್ಧ ಓದುವುದಕ್ಕಿಂತ ಒಂದನ್ನು ಮೂರು ಸಲ ಓದುವುದು ಲೇಸು.

ಹಳೆಯ ಪುಸ್ತಕದ ಗುರುತು

ಅಕ್ಕಪಕ್ಕದವರು ಕೊಟ್ಟ ಹಳೆಯ ಪುಸ್ತಕ ಬೇಡವೆಂದಲ್ಲ. ಆದರೆ 2024ರ ಜೂನ್ ಪರೀಕ್ಷೆಯಿಂದ ಪಠ್ಯಕ್ರಮ ಬದಲಾಗಿದೆ. ಮುಖಪುಟದಲ್ಲಿ ‘ಬಿಸಿನೆಸ್ ಲಾಸ್’ ಜೊತೆ ‘ಬಿಸಿನೆಸ್ ಕರೆಸ್ಪಾಂಡೆನ್ಸ್ ಅಂಡ್ ರಿಪೋರ್ಟಿಂಗ್’ ಎಂದಿದ್ದರೆ, ಅಥವಾ ‘ಬಿಸಿನೆಸ್ ಎಕನಾಮಿಕ್ಸ್’ ಜೊತೆ ‘ಕಮರ್ಷಿಯಲ್ ನಾಲೆಡ್ಜ್’ ಎಂದಿದ್ದರೆ ಅದು ಹಳೆಯ ಕ್ರಮದ್ದು. ಆ ಭಾಗಗಳು ಈಗಿಲ್ಲ. ಕಾನೂನು ಪತ್ರಿಕೆಗೆ ಚೆಕ್ಕು, ಹುಂಡಿಗಳ 1881ರ ಕಾಯ್ದೆ ಹೊಸದಾಗಿ ಸೇರಿದೆ. ಪರಿವಿಡಿಯಲ್ಲಿ ಅದಿದೆಯೇ ನೋಡಿ. ಕಾನೂನಿಗೆ ಹೊಸ ಪುಸ್ತಕವೇ ಇರಲಿ.

ಪತ್ರಿಕೆಗೆ ತಕ್ಕ ಅಭ್ಯಾಸ

ನಾಲ್ಕು ಪತ್ರಿಕೆ, ತಲಾ 100 ಅಂಕ. ಲೆಕ್ಕಶಾಸ್ತ್ರ ಮತ್ತು ಕಾನೂನನ್ನು ಬರೆದು ಉತ್ತರಿಸಬೇಕು. ಗಣಿತ-ಸಂಖ್ಯಾಶಾಸ್ತ್ರ ಮತ್ತು ಅರ್ಥಶಾಸ್ತ್ರದಲ್ಲಿ ಸರಿಯುತ್ತರ ಆರಿಸಬೇಕು. ತಪ್ಪಿದರೆ ಆ ಪ್ರಶ್ನೆಯ ಅಂಕದ ಕಾಲು ಭಾಗ ಕಡಿತ. ಪಾಸಾಗಲು ಪ್ರತಿಯೊಂದರಲ್ಲೂ 40, ಒಟ್ಟು 200 ಬೇಕು. ನಾಲ್ಕರಲ್ಲೂ ಬರೀ 40 ಬಂದರೆ 160 ಮಾತ್ರ, ಸಾಲದು. ಆದ್ದರಿಂದ ಬರೀ ‘ಸರಿಯುತ್ತರ’ಗಳ ಗೈಡು ಕೊಂಡು ಕಾನೂನು ಪತ್ರಿಕೆಗೆ ಕೂರುವುದು ಬೇಡ. ಬರೆಯುವ ಅಭ್ಯಾಸ ಬೇಕೇ ಬೇಕು.

ಕನ್ನಡದ ಮಗುವಿಗೆ ಆಸರೆ

ಒಂದು ಮಾತು ಮುಚ್ಚುಮರೆಯಿಲ್ಲದೆ ಹೇಳಬೇಕು. ಉತ್ತರವನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲೇ ಬರೆಯಬೇಕು, ಕನ್ನಡಕ್ಕೆ ಅವಕಾಶವಿಲ್ಲ. ಹಾಗೆಂದು ಕನ್ನಡದಲ್ಲಿ ಅರ್ಥಮಾಡಿಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಕರ್ನಾಟಕದ ಪಿಯು ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಬಂದ ಲೆಕ್ಕಶಾಸ್ತ್ರದ ಪುಸ್ತಕವೊಂದನ್ನು ತರಿಸಿ ಪಕ್ಕದಲ್ಲಿಡಿ. ಟ್ರಯಲ್ ಬ್ಯಾಲೆನ್ಸ್ ಎಂದರೆ ತಾಳೆ ಪಟ್ಟಿ, ಡಿಪ್ರಿಸಿಯೇಶನ್ ಎಂದರೆ ಸವಕಳಿ ಎಂದು ತಿಳಿದಾಗ ಮಗುವಿನ ಅರ್ಧ ಭಯ ಹೋಗುತ್ತದೆ. ಮನೆಯ ಹೊಲಿಗೆ ಯಂತ್ರ ವರ್ಷ ಕಳೆದಂತೆ ಬೆಲೆ ಕಳೆದುಕೊಳ್ಳುವುದನ್ನು ಅದು ಕಂಡೇ ಇದೆ. ಎರಡು ಕಾಲಂ ಹಾಕಿ ದಿನಕ್ಕೆ ಹತ್ತು ಪದ ಬರೆಯುವ ನೋಟುಬುಕ್ಕು ಇಡಿಸಿ. ಕಾನೂನಿನ ಉತ್ತರಗಳನ್ನು ಮಾತ್ರ ಮೊದಲ ದಿನದಿಂದಲೇ ಇಂಗ್ಲಿಷಿನಲ್ಲಿ, ಸಣ್ಣ ಸಣ್ಣ ವಾಕ್ಯಗಳಲ್ಲಿ ಬರೆಯಲಿ.

ನಿಮಗೆ ಲೆಕ್ಕಶಾಸ್ತ್ರ ಬಾರದಿದ್ದರೂ ಚಿಂತೆಯಿಲ್ಲ. ಸಂಸ್ಥೆಯ ಪುಸ್ತಕದ ಮೊದಲ ಅಧ್ಯಾಯವನ್ನು ಒಂದು ವಾರ ಓದಲಿ. ಆಮೇಲೆ ಅದನ್ನು ನಿಮಗೆ ಕನ್ನಡದಲ್ಲಿ ವಿವರಿಸಲು ಹೇಳಿ. ಎಲ್ಲಿ ತಡವರಿಸುತ್ತಾಳೋ ಆ ವಿಷಯಕ್ಕೆ ಪುಸ್ತಕವೋ ತರಗತಿಯೋ ಬೇಕೆಂದು ಅರ್ಥ. ದುಡ್ಡನ್ನು ಅಲ್ಲಿಗೆ ಖರ್ಚು ಮಾಡಿ.