ಹಿಮದ ಕಡಲಿನಲ್ಲಿ ಪಿಯಾನೋ

2016ನೆಯ ಇಸವಿಯ ಜೂನ್ ತಿಂಗಳಿನಲ್ಲಿ ನಾರ್ವೆ ದೇಶಕ್ಕೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಸ್ತೋಮದಲ್ಲಿ ಒಂದು ಅಪೂರ್ವವಾದ ಸಂಗೀತ ಕಚೇರಿ ನಡೆಯಿತು. ಇಟಲಿಯ ಪ್ರಸಿದ್ಧ ಸಂಗೀತಗಾರ ಲುಡೊವಿಕೊ ಐನೌಡಿಯವರು ಸಮುದ್ರದಲ್ಲಿ ತೇಲುತ್ತಿದ್ದ ವೇದಿಕೆಯ ಮೇಲೆ ಕುಳಿತು, ಆರ್ಕ್ಟಿಕ್ ಪ್ರದೇಶಕ್ಕಾಗಿ ತಾವೇ ರಚಿಸಿದ ಶೋಕಗೀತೆಯನ್ನು ದೊಡ್ಡ ಪಿಯಾನೋದ ಮೇಲೆ ನುಡಿಸಿದರು. ಸಮೀಪದಲ್ಲಿಯೇ ವಾಲೆನ್‌ಬರ್ಗ್ ಹಿಮನದಿಯ ಗೋಡೆ ನಿಂತಿತ್ತು. ವಾದ್ಯವನ್ನು ಅಲ್ಲಿಗೆ ಸಾಗಿಸಿದುದು ಗ್ರೀನ್‌ಪೀಸ್ ಸಂಸ್ಥೆಯ ‘ಆರ್ಕ್ಟಿಕ್ ಸನ್‌ರೈಸ್’ ಹಡಗು. ಆ ಹಿಮಪ್ರದೇಶಕ್ಕೆ ಒದಗಿರುವ ಅಪಾಯವನ್ನು ಲೋಕಕ್ಕೆ ತಿಳಿಸುವುದೇ ಈ ಪ್ರಯತ್ನದ ಉದ್ದೇಶ. ಆ ಅಪಾಯವೇನೆಂಬುದನ್ನು ಭೌತವಿಜ್ಞಾನದ ದೃಷ್ಟಿಯಿಂದ ವಿಚಾರಮಾಡೋಣ.

ಭಾರವಾದ ಪಿಯಾನೋ ಮುಳುಗದೆ ಉಳಿದುದು ಹೇಗೆ? ವೇದಿಕೆಯೂ ಅದರ ಮೇಲಿನ ಭಾರವೂ ಕೂಡಿ, ತಮ್ಮ ತೂಕಕ್ಕೆ ಸಮನಾದ ನೀರನ್ನು ಪಕ್ಕಕ್ಕೆ ತಳ್ಳುವುವು. ಇದು ಆರ್ಕಿಮಿಡೀಸನ ನಿಯಮ. ತೇಲುವ ಮಂಜುಗಡ್ಡೆಗೂ ಇದೇ ನಿಯಮ ಅನ್ವಯಿಸುವುದು. ಒಂದು ಲೋಟದಲ್ಲಿ ಮಂಜುಗಡ್ಡೆಯ ಚೂರನ್ನು ತೇಲಿಬಿಟ್ಟು, ಅಂಚಿನವರೆಗೆ ನೀರು ತುಂಬಿ ನೋಡಿರಿ. ಮಂಜು ಪೂರ್ತಿ ಕರಗಿದರೂ ನೀರು ಹೊರಚೆಲ್ಲದು. ಆದರೆ ಹಿಮನದಿಯು ನೆಲದ ಮೇಲಿನ ಮಂಜು. ಅದು ಕರಗಿ ಹರಿದಾಗ ಕಡಲಿಗೆ ಹೊಸ ನೀರು ಸೇರುವುದು. ಇದರೊಂದಿಗೆ, ಕಾದ ನೀರು ಹಿಗ್ಗುವುದರಿಂದಲೂ ಸಮುದ್ರದ ಮಟ್ಟ ಏರುವುದು. 1901 ರಿಂದ 2018 ರ ವರೆಗೆ ಆದ ಏರಿಕೆ ಸುಮಾರು 20 ಸೆಂಟಿಮೀಟರು. ಕಡಲುಗಳೆಲ್ಲ ಒಂದಕ್ಕೊಂದು ಕೂಡಿಕೊಂಡಿರುವುದರಿಂದ, ದೂರದ ಹಿಮನದಿಗಳು ಕರಗಿದ ಪರಿಣಾಮ ನಮ್ಮ ಕಾರವಾರದ ದಡಕ್ಕೂ ತಟ್ಟದೆ ಇರದು.

ಹಾಗಾದರೆ ತೇಲುವ ಮಂಜು ಕರಗಿದರೆ ಚಿಂತೆಯಿಲ್ಲವೆ? ಉಂಟು. ಸಮುದ್ರದ ಮೇಲಿನ ಮಂಜು ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಶೇಕಡಾ 50 ರಿಂದ 70 ಭಾಗವನ್ನು ಪ್ರತಿಫಲಿಸುವುದು. ಮಂಜಿಲ್ಲದ ಕಡಲ ನೀರು ಪ್ರತಿಫಲಿಸುವುದು ಸುಮಾರು ಶೇಕಡಾ 6 ಭಾಗ ಮಾತ್ರ. ಮಂಜು ಕರಗಿದಷ್ಟೂ ಕಡಲು ಹೆಚ್ಚು ಶಾಖವನ್ನು ಹೀರುವುದು. ಆ ಶಾಖವು ಮತ್ತಷ್ಟು ಮಂಜನ್ನು ಕರಗಿಸುವುದು. ಇದೂ ಒಂದು ಕಾರಣವಾಗಿ, 1979 ರಿಂದ ಈಚೆಗೆ ಆರ್ಕ್ಟಿಕ್ ಪ್ರದೇಶವು ಭೂಮಿಯ ಸರಾಸರಿಗಿಂತ 3 ರಿಂದ 4 ಪಟ್ಟು ವೇಗವಾಗಿ ಕಾಯುತ್ತಿದೆ. ಈ ತಾಪವೃದ್ಧಿಗೆ ಮುಖ್ಯ ಮೂಲ, ಕಲ್ಲಿದ್ದಲು ಎಣ್ಣೆಗಳನ್ನು ಸುಟ್ಟಾಗ ವಾಯುಮಂಡಲವನ್ನು ಸೇರುವ ಇಂಗಾಲದ ಡೈಆಕ್ಸೈಡು.

ಸಂಗೀತದಿಂದ ಸಮುದ್ರದ ಉಷ್ಣತೆ ಇಳಿಯದು. ಪಿಯಾನೋವನ್ನು ಹೊತ್ತ ಹಡಗೂ ಎಣ್ಣೆಯನ್ನು ಸುಟ್ಟೇ ಸಾಗಿತೆಂದು ಆಕ್ಷೇಪಿಸಬಹುದು. ಆದರೆ ಅಂಕಿಗಳನ್ನು ಓದಿ ಮರೆಯುವವರು ಕೂಡ, ಕರಗುವ ಹಿಮದ ಎದುರಿಗೆ ಒಬ್ಬ ಮನುಷ್ಯ ಒಂಟಿಯಾಗಿ ನುಡಿಸುತ್ತ ಕುಳಿತ ದೃಶ್ಯವನ್ನು ಸುಲಭವಾಗಿ ಮರೆಯಲಾರರು. ನೆನಪಿದ್ದವರು ಕಾರಣವನ್ನು ಕೇಳುವರು. ಕಾರಣವನ್ನು ತಿಳಿದವರು, ಸುಡುವ ಇಂಧನವನ್ನು ಕಡಮೆ ಮಾಡುವ ಮಾರ್ಗವನ್ನು ಹುಡುಕುವರು. ಕಲೆಯಿಂದ ಇಷ್ಟಾದರೆ ಅದರ ಶ್ರಮ ಸಾರ್ಥಕ.